ಬಾನೆಟ್ ಮೇಲಿನ ಕೆಂಪು ಉಲ್ಲನ್

ಅವನು ನನ್ನನ್ನೇ ದಿಟ್ಟಿಸುತ್ತಿದ್ದಾನೆ ಎಂದುಕೊಂಡು ನಾನು ಜಾಕಿನ ರಾಡು ಕೈಗೆತ್ತಿಕೊಂಡಿದ್ದೆ.

ಕಿರವತ್ತಿ ದಾಟಿ ಸ್ವಲ್ಪವೇ ದೂರ. ಎರಡು ಸಾವಿರದ ಎರಡನೆಯ ಇಸವಿಯ ಮಾರ್ಚ್ ತಿಂಗಳ ಬಿಸಿಲು. ನಮ್ಮ ಅಂಬಾಸಿಡರ್ ಹಬೆ ಕಾರುತ್ತ ರಸ್ತೆ ಬದಿಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ನಮ್ಮೂರು ಉಮ್ಮಚಗಿಯ ತಿಮ್ಮಿ, ತುಂಬು ಬಸುರಿ, ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸುವ ಜವಾಬ್ದಾರಿ ನನ್ನದು. ನಾನು ಮೊದಲೇ ಹೆದರುಪುಕ್ಕಲಿ. ಕಾರು ಓಡಿಸುವಾಗ ನನ್ನ ಒಂದು ಕಣ್ಣು ರಸ್ತೆಯ ಮೇಲಿದ್ದರೆ ಇನ್ನೊಂದು ಟೆಂಪರೇಚರ್ ಮುಳ್ಳಿನ ಮೇಲೇ ಇರುತ್ತಿತ್ತು.

ಅಂಥ ಹೊತ್ತಿನಲ್ಲಿ ಬೈಕ್ ನಿಲ್ಲಿಸಿದ ಈ ಮನುಷ್ಯ ಮಾತೂ ಇಲ್ಲ, ಕತೆಯೂ ಇಲ್ಲ, ಸುಮ್ಮನೆ ನೋಡುತ್ತ ನಿಂತಿದ್ದ.

"ಏನ್ ನೋಡ್ತಾ ಇದೀರಿ?" ಎಂದೆ, ರಾಡು ಸ್ವಲ್ಪ ಮೇಲೆತ್ತಿ.

"ಬಾನೆಟ್" ಎಂದ.

ನಿಜವಾಗಿಯೂ ಬಾನೆಟ್ಟನ್ನೇ ನೋಡುತ್ತಿದ್ದ. ಸಮಾಧಾನವಾಯಿತು. ಸುಳ್ಳೇಕೆ, ಎಳ್ಳಷ್ಟು ಬೇಜಾರೂ ಆಯಿತು.

"ಹಿಂದಿನ ಹಿಂಜ್ ಕೆಳಗೆ ವಾಶರ್ ಕೊಟ್ಟು ಬಾನೆಟ್ ಎತ್ತಿ ಸಂದಿ ಬಿಟ್ಟಿದ್ದು ಯಾರು?"

"ಲಾರಿ ಡ್ರೈವರ್ ಕೆರಿಯಪ್ಪ. ಬಿಸಿ ಗಾಳಿ ಹೊರಗೆ ಹೋಗ್ಲಿ ಅಂತ."

"ಹೋಗ್ತಾ ಇಲ್ಲ. ಅಲ್ಲಿಂದ ಗಾಳಿ ಒಳಗೆ ಬರ್ತಾ ಇದೆ."

ನಾನು ತಿಮ್ಮಿಯ ಕಡೆ ತಿರುಗಿ, ಅವನಿಗೆ ಕೇಳಿಸದಂತೆ ಗೊಣಗಿದೆ. "ಇಂವ ಎಂತ ಹೇಳ್ತಾ ಇದ್ನೇನ, ತಲೆ ಸರಿ ಇದ್ದನ ಇಲ್ಯನ."

"ತಲೆ ಅಡ್ಡಿಲ್ಲೆ" ಎಂದ ಅವನು, ನಮ್ಮದೇ ಮನೆಮಾತಿನಲ್ಲಿ. "ರೇಡಿಯೇಟರ್ ಮುಚ್ಚಳ ಮಾತ್ರ ಈಗ್ಲೇ ಮುಟ್ಟಡಿ. ಸುಟ್ಟು ಹೋಗ್ತು."

ನನ್ನ ಮುಖ ರೇಡಿಯೇಟರಿಗಿಂತ ಬಿಸಿಯಾಯಿತು. ಅವನು ಎಲ್ಲಿಂದಲೋ ನೀರು ತಂದ, ಆರುವವರೆಗೆ ಕಾದ, ತುಂಬಿಸಿದ. ಹೆಸರು ನಂದನ, ಯಲ್ಲಾಪುರದಲ್ಲಿ ಹುಬ್ಬಳ್ಳಿ ರಸ್ತೆಗೆ ಟಿಂಕರಿಂಗ್ ಗ್ಯಾರೇಜು. ಆವತ್ತು ಹುಬ್ಬಳ್ಳಿ ಮುಟ್ಟುವವರೆಗೂ ಅವನ ಬೈಕು ನಮ್ಮ ಕಾರಿನ ಹಿಂದೆಯೇ ಇತ್ತು. ತಿಮ್ಮಿಗೆ ಮರುದಿನ ಗಂಡು ಮಗು ಹುಟ್ಟಿತು.

ಈ ಕಾರಿನ ವಿಷಯ ಒಂದಿಷ್ಟು ಹೇಳಬೇಕು. ಅದು ನನ್ನ ಅಪ್ಪಯ್ಯ ವೆಂಕಟ್ರಮಣ ಹೆಗಡೆಯವರ ಕಾರು. ಪೆಟ್ರೋಲ್ ಖರ್ಚು ತಡೆಯದೆ ಅವರು ಅದರೊಳಗೆ ದೊಡ್ಡದೊಂದು ಹಳೆಯ ಡೀಸೆಲ್ ಇಂಜಿನ್ ಕೂರಿಸಿದ್ದರು. ಸಣ್ಣ ಒಲೆಗೆ ಹಂಡೆಯಂಥ ಕೊಳದಪ್ಪಲೆ ಇಟ್ಟಹಾಗೆ, ಬೆಂಕಿ ಉಂಟು, ಹೊಗೆ ಹೋಗಲು ದಾರಿ ಇಲ್ಲ. ಸೊಂಟನೋವು ಶುರುವಾದ ಮೇಲೆ ಅಪ್ಪಯ್ಯ ಸ್ಟೇರಿಂಗ್ ನನಗೆ ಕೊಟ್ಟರು. ನಾನು ಊರಿನ ಬಸುರಿಯರನ್ನು, ಮುದುಕಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತ ಬಾಡಿಗೆ ಹೊಡೆಯುತ್ತಿದ್ದೆ. ಗಂಡು ಡ್ರೈವರ್ ಎದುರು ನರಳಲು ನಾಚುವ ಹೆಂಗಸರು ನನ್ನ ಕಾರಿನಲ್ಲಿ ಬಾಯಿಬಿಟ್ಟು ನರಳುತ್ತಿದ್ದರು. ಆ ಕೆಲಸ ನನಗೆ ಎಷ್ಟು ಇಷ್ಟವೆಂದರೆ, ಅದು ತಪ್ಪಿಹೋದೀತು ಎಂಬ ಹೆದರಿಕೆ ಎದೆ ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ಕಿರವತ್ತಿಯ ಸುದ್ದಿ ಕೇಳಿ ಅಪ್ಪಯ್ಯ ಎಲೆಯಡಿಕೆಯ ಕವಳ ಉಗುಳಿ ಬಂದು ಹೇಳಿದರು.

"ನೋಡು ಕೂಸೆ. ಮೇ ತಿಂಗಳಲ್ಲಿ ಚಿರಂತನನ ಮದುವೆ. ದಿಬ್ಬಣಕ್ಕೆ ಮದುಮಗ ನಮ್ಮ ಕಾರಲ್ಲೇ ಹೋಗವು ಹೇಳಿ ಅಣ್ಣ ಹೇಳಿದ್ದ. ಆ ದಿನ ದಾರಿಲ್ಲಿ ಏನಾದ್ರೂ ಇದು ಕುದ್ದರೆ ಮರುದಿನವೇ ಗುಜರಿಗೆ. ಸಾಗರದವ್ಕೆ ಹೂಂ ಹೇಳಿಬಿಡ್ತೆ."

ಚಿರಂತನ ನನ್ನ ದೊಡ್ಡಪ್ಪನ ಮಗ. ಸಾಗರದವರು ಎಂದರೆ ನನ್ನನ್ನು ನೋಡಿಹೋದ ಸಂಬಂಧ. ಒಳ್ಳೆಯ ಜನವೇ. ಆದರೆ ಮಾತಿನ ಮಧ್ಯೆ ಹುಡುಗನ ತಾಯಿ, "ಮದುವೆಯಾದ ಮೇಲೆ ಡ್ರೈವಿಂಗ್ ಎಲ್ಲ ಎಂತಕ್ಕೆ" ಎಂದು ನಕ್ಕಿದ್ದರು. ಆ ನಗು ನನಗೆ ರಾತ್ರಿ ಊಟ ಸೇರದಂತೆ ಮಾಡಿತ್ತು.

ಹೀಗೆ ನಾನು ಯಲ್ಲಾಪುರದ ಗ್ಯಾರೇಜಿಗೆ ಹೋಗತೊಡಗಿದೆ.

ನಂದನ ಮೊದಲು ರೇಡಿಯೇಟರ್ ತೊಳೆಸಿದ, ಫ್ಯಾನ್ ಬೆಲ್ಟ್ ಬದಲಿಸಿದ. ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಹೇಳಿದ, "ಬಾನೆಟ್ಟಿಗೆ ಗಾಳಿಕಿಂಡಿ ಕೊಯ್ಯವು. ಬೇರೆ ದಾರಿ ಇಲ್ಲೆ. ಆದ್ರೆ ಎಲ್ಲಿ ಕೊಯ್ಯದು ಹೇಳದು ಮುಖ್ಯ."

"ಬಿಸಿ ಮೇಲೆ ಬತ್ತು. ಎಲ್ಲಿ ಕೊಯ್ದ್ರೂ ಆತಲ್ದ?"

"ನಿಂತ ಕಾರಿಗೆ ಆತು. ಓಡೋ ಕಾರಿಗೆ ಬೇರೆ ಲೆಕ್ಕ." ಅವನು ತಲೆ ತುರಿಸಿಕೊಂಡ. "ನಿಂಗಳ ಮನೇಲಿ ಉಲ್ಲನ್ ನೂಲು ಇದ್ದನ?"

ನಮ್ಮ ಆಯಿ ಸುಬ್ಬಲಕ್ಷ್ಮಿ ಬಾಗಿಲು ತೋರಣ ಹೆಣೆಯುವುದರಲ್ಲಿ ಎತ್ತಿದ ಕೈ. ಊರಿನ ಎಷ್ಟೋ ಬಾಗಿಲಲ್ಲಿ ಅವರ ಉಲ್ಲನ್ ಗಿಣಿಗಳು ನೇತಾಡುತ್ತವೆ. ಮರು ಭಾನುವಾರ ಕೆಂಪು ಉಲ್ಲನ್ ಉಂಡೆಯೂ ಬಂತು, ಜೊತೆಗೆ ಆಯಿಯೂ ಬಂದರು. ವಯಸ್ಸಿಗೆ ಬಂದ ಮಗಳನ್ನು ಗ್ಯಾರೇಜಿನವನ ಜೊತೆ ಒಬ್ಬಳೇ ಕಳಿಸಲು ಆಗುತ್ತದೆಯೇ. ಹಿಂದಿನ ಸೀಟಿನಲ್ಲಿ ಕೂತು ತೋರಣ ಹೆಣೆಯುತ್ತೇನೆ ಎಂದರು. ಯಲ್ಲಾಪುರ ದಾಟುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋದರು.

ನಂದನ ಗೇಣುದ್ದದ ನೂಲುಗಳನ್ನು ಕತ್ತರಿಸಿ, ಟೇಪಿನಿಂದ ಬಾನೆಟ್ ತುಂಬ ಸಾಲಾಗಿ ಅಂಟಿಸಿದ್ದ. ಮುಂದೆ ರೇಡಿಯೇಟರ್ ಮೇಲಿನಿಂದ ಹಿಡಿದು ಹಿಂದೆ ಡ್ರೈವರ್ ಎದುರಿನ ಕಾಜಿನ ಬುಡದವರೆಗೆ. ಕೆರಿಯಪ್ಪ ಎತ್ತಿದ ಸಂದಿಯ ಬಾಯಲ್ಲೂ ಒಂದು ನೂಲು ಇಳಿಬಿಟ್ಟ. ಕಿರವತ್ತಿಯಲ್ಲಿ ನಿಲ್ಲಿಸಿದಾಗ ಧಾಬಾದವರು ಚಹಾ ಲೋಟ ಹಿಡಿದು ಹೊರಗೆ ಬಂದು ನೋಡಿದರು. ಯಾವ ದೇವರ ಹರಕೆ ಎಂದು ಒಬ್ಬ ಕೇಳಿಯೂ ಕೇಳಿದ.

"ನೆಟ್ಟಗಿನ ರಸ್ತೆ ಬಂತು. ಸ್ಪೀಡ್ ತಗಳಿ" ಎಂದ ನಂದನ, ಪಕ್ಕದ ಸೀಟಿನಿಂದ.

ನಾನು ಆಕ್ಸಿಲರೇಟರ್ ಒತ್ತಿದೆ. ಟೆಂಪರೇಚರ್ ಮುಳ್ಳೂ ಏರತೊಡಗಿತು. ಅವನು ಡ್ಯಾಶ್‌ಬೋರ್ಡಿಗೆ ಗದ್ದ ಊರುವಷ್ಟು ಬಾಗಿ ನೂಲುಗಳನ್ನೇ ನೋಡುತ್ತಿದ್ದ. ಕಿವಿಯ ಹಿಂದೆ ತಗಡಿಗೆ ಬಳಿಯುವ ಬಿಳಿ ಪುಟ್ಟಿ ಮೆತ್ತಿಕೊಂಡಿತ್ತು. ಒರೆಸಬೇಕು ಎನ್ನಿಸಿತು. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

"ರಸ್ತೆ ನೋಡಿ" ಎಂದ, ತಲೆ ಎತ್ತದೆ.

"ನೋಡ್ತಾ ಇದ್ನಲಿ."

"ಇಲ್ಲೆ. ಕಾರು ಬಲಕ್ಕೆ ಹೋಗ್ತಾ ಇದ್ದು."

ಕಾರು ನೆಟ್ಟಗಾಯಿತು. ಆಯಿ ಒಮ್ಮೆ ಗೊರಕೆ ನಿಲ್ಲಿಸಿ ಮತ್ತೆ ಶುರುಮಾಡಿದರು.

ಆಗ ನನಗೂ ಕಂಡಿತು. ಮುಂದೆ, ಬಾನೆಟ್ ಬಗ್ಗುವಲ್ಲಿ, ರೇಡಿಯೇಟರಿನ ಸ್ವಲ್ಪವೇ ಹಿಂದಿನ ಸಾಲಿನ ನೂಲುಗಳು ಯಾರೋ ಮೇಲಿನಿಂದ ಎಳೆದಂತೆ ಎದ್ದು ನಡುಗುತ್ತಿದ್ದವು. ನಡುವಿನವು ಮಲಗಿದ್ದವು. ಕಾಜಿನ ಬುಡದವು ಸುತ್ತಿ ಸುತ್ತಿ ತಿರುಗಿ ಮುಂದಕ್ಕೇ ಮುಖ ಮಾಡಿದ್ದವು. ಸಂದಿಯ ಬಾಯಲ್ಲಿ ಇಳಿಬಿಟ್ಟ ನೂಲು ಮಾತ್ರ ಕಾಣಲಿಲ್ಲ.

"ಅದೆಲ್ಲಿ ಹೋತು?"

"ಒಳಗೆ" ಎಂದು ಅವನು ನಕ್ಕ. ನಾನು ಅವನ ನಗು ನೋಡಿದ್ದು ಅದೇ ಮೊದಲು. "ನೋಡಿದ್ಯ? ಓಡುವಾಗ ಗಾಳಿ ಕಾಜಿಗೆ ಬಡಿದು ಅಲ್ಲೇ ಒತ್ತಿ ನಿಲ್ತು. ಅಲ್ಲಿ ಬಾಗಿಲು ತೆಗೆದ್ರೆ ಒಳಗೇ ನುಗ್ತು, ರೇಡಿಯೇಟರ್ ದಾಟಿ ಬಪ್ಪ ಗಾಳಿಗೆ ಅಡ್ಡ ನಿಲ್ತು. ಮುಂದೆ ಆ ನೂಲು ಎದ್ದಲ್ಲಿ ಗಾಳಿ ಮೇಲಕ್ಕೆ ಎಳೀತು. ಕಿಂಡಿ ಅಲ್ಲಿ ಇಡವು. ಬಾಯಿ ಹಿಂದಕ್ಕೆ, ಕಾಜಿನ ಕಡೆಗೆ."

ಇಷ್ಟು ದಿನ ಬಹುವಚನದಲ್ಲಿ ಮಾತಾಡುತ್ತಿದ್ದವನು 'ನೋಡಿದ್ಯ' ಎಂದಿದ್ದ. ಅವನಿಗೆ ಗೊತ್ತಾಗಿರಲಿಲ್ಲ. ನನಗೆ ಗಾಳಿಯ ವಿಷಯ ಅರ್ಧವೇ ತಲೆಗೆ ಹೋಯಿತು.

ಕೊಯ್ಯುವ ದಿನ ಅಪ್ಪಯ್ಯನೂ ಬಂದು ಸ್ಟೂಲ್ ಹಾಕಿಕೊಂಡು ಕೂತರು.

"ಮಳೆಗಾಲದಲ್ಲಿ ಎಂತ ಮಾಡ್ತೆ? ಇಂಜಿನ್ ಮೇಲೆ ನೀರು ಬೀಳ್ತಲ ಮಾಣಿ?"

"ಕಿಂಡಿ ಅಡಿಗೆ ತಗಡಿನ ದೋಣಿ ಇಡ್ತೆ ಹೆಗಡೇರೆ. ಮಾಡಿನ ನೀರು ಹರಿದ ಹಾಂಗೆ ಬದಿಗೆ ಹೋಗ್ತು."

ಅಪ್ಪಯ್ಯ ಹೂಂ ಎಂದು ಕವಳದ ಚೀಲ ಬಿಚ್ಚಿದರು. ನಂದನ ಸೀಮೆಸುಣ್ಣದ ಗೆರೆಯ ಮೇಲೆ ಡ್ರಿಲ್ ಇಟ್ಟ, ತೆಗೆದ, ಮತ್ತೆ ಇಟ್ಟ. ಹೆದರುವುದು ನನ್ನ ಒಬ್ಬಳದೇ ಕಸುಬು ಎಂದುಕೊಂಡಿದ್ದೆ.

"ಎಂತಕ್ಕೆ ಹೆದ್ರಿಕೆ?" ಎಂದು ಹತ್ತಿರ ಹೋಗಿ ಕೇಳಿದೆ.

"ಒಂದ್ಸಲ ಕೊಯ್ದ್ರೆ ಕೂಡ್ಸಲೆ ಬತ್ತಿಲ್ಲೆ" ಎಂದ ಮೆಲ್ಲಗೆ. ಆಮೇಲೆ ಇನ್ನೂ ಮೆಲ್ಲಗೆ, "ಸರಿಯಾಗದಿದ್ರೆ ನಿಂಗೆ ಕಾರು ಇಲ್ಲೆ. ಸರಿಯಾದ್ರೆ ನಿಂಗೆ ಇಲ್ಲಿ ಕೆಲಸ ಇಲ್ಲೆ."

ಡ್ರಿಲ್ಲಿನ ಸದ್ದು ಎದ್ದಿತು. ನಾನು ಹಿಂದೆ ಸರಿದು ಅಪ್ಪಯ್ಯನ ಸ್ಟೂಲಿನ ಪಕ್ಕ ನಿಂತೆ.

ಸಂಜೆಗೆ ಬಾನೆಟ್ಟಿನ ಮುಂಭಾಗದಲ್ಲಿ ಎರಡು ಸಾಲು ಕಿಂಡಿಗಳಾದವು. ಹಿಂದಿನ ವಾಶರ್ ತೆಗೆದು ಸಂದಿ ಮುಚ್ಚಿಸಿದ. ಬಣ್ಣ ಸರಿಯಾಗಿ ಕೂಡದೆ ಅದೊಂದು ತೇಪೆಯ ಹಾಗೆ ಕಾಣುತ್ತಿತ್ತು. ಆದರೆ ತಿಮ್ಮಿಯನ್ನೂ ಮಗುವನ್ನೂ ಚುಚ್ಚುಮದ್ದಿಗೆ ಕರೆದೊಯ್ದ ದಿನ ಮುಳ್ಳು ನಡುವಿನಿಂದ ಕದಲಲಿಲ್ಲ. ಕಾರು ಸರಿಯಾಯಿತು. ಹಾಗಾಗಿ ಮುಂದಿನ ಕೆಲವು ವಾರ ನಾನು ಯಲ್ಲಾಪುರಕ್ಕೆ ಹೋಗಲಿಲ್ಲ. ಹೋಗಿ ಏನೆಂದು ಹೇಳುವುದು? ಕಾರು ಚೆನ್ನಾಗಿದೆ, ನಾನು ಚೆನ್ನಾಗಿಲ್ಲ ಎಂದೇ?

ದಿಬ್ಬಣದ ಬೆಳಿಗ್ಗೆ ಅಂಗಳದಲ್ಲಿ ಕಾರು ನಿಂತಿತ್ತು. ಹೆಣ್ಣಿನ ಮನೆ ಸಿದ್ದಾಪುರದ ಆಚೆ. ಊರಿನಿಂದ ಶಿರಸಿ, ಶಿರಸಿಯಿಂದ ಸಿದ್ದಾಪುರ, ಬಿಸಿಲೇರಿದ ಮೇಲೆ ಮುಹೂರ್ತ. ಅಪ್ಪಯ್ಯ ಮುಂಜಾಗ್ರತೆಗೆ ನಂದನನಿಗೂ ಮದುವೆಯ ಹೇಳಿಕೆ ಮಾಡಿದ್ದರು. ಅವನು ಬೈಕಿನಲ್ಲಿ ನೀರಿನ ಕ್ಯಾನ್ ಕಟ್ಟಿಕೊಂಡು ದಿಬ್ಬಣದ ಬಸ್ಸಿನ ಹಿಂದೆ ಬರುವುದೆಂದು ಮಾತಾಗಿತ್ತು.

ಚಿರಂತನನ ತಾಯಿ, ನನ್ನ ದೊಡ್ಡಾಯಿ, ಆರತಿ ತಟ್ಟೆ ಹಿಡಿದು ಕಾರಿನ ಮುಂದೆ ಬಂದವರು ಅಲ್ಲೇ ನಿಂತರು.

"ಎಂತದೇ ಇದು, ತುರಿಮಣೆ ಹಾಂಗೆ? ಮದುಮಗನ ಕಾರು ಹೀಂಗೆ ಕೊಯ್ದಿಟ್ಟಿದ್ದು ಯಾರು? ಹೆಣ್ಣಿನ ಕಡೆಯವು ನೋಡಿದ್ರೆ ನಗ್ತ."

ಸುತ್ತ ನಿಂತವರು ನಕ್ಕರು. ಹೇಳಬೇಕಿತ್ತು. ಆ ತುರಿಮಣೆ ಇಲ್ಲದಿದ್ದರೆ ಕಾರೇ ಇಲ್ಲ, ಅದನ್ನು ಕೊಯ್ದವನು ಇಂಥವನು ಎಂದು ಹೇಳಬೇಕಿತ್ತು. ಆದರೆ ಅವನ ಹೆಸರು ಹೇಳಿದರೆ ನನ್ನ ಮುಖದಲ್ಲಿ ಏನಾದರೂ ಕಂಡೀತೇ ಎಂಬ ಅಂಜಿಕೆಗೆ ನಾಲಿಗೆ ಏಳಲಿಲ್ಲ.

ಹೂವಿನ ಅಲಂಕಾರಕ್ಕೆ ಶಿರಸಿಯಿಂದ ಶಾರದವ್ವ ಬಂದಿದ್ದರು, ಮೂಲ ಹಾವೇರಿ ಕಡೆಯವರು. "ಚಿಂತಿ ಮಾಡಬ್ಯಾಡ್ರಿ ಅಮ್ಮಾರ. ಎಲ್ಲೂ ತಗಡು ಕಾಣದಂಗ ಹೊಚ್ತೀನಿ" ಎಂದರು. ಅಬ್ಬಲಿಗೆ, ಸೇವಂತಿಗೆ ಒತ್ತಾಗಿ ಹೆಣೆದ ಹೂವಿನ ಚಾದರ ಬಾನೆಟ್ ಮೇಲೆ ಬಿತ್ತು. ನಡುವೆ ಅಡಿಕೆ ಸಿಂಗಾರದ ಗೊನೆ. ಕಿಂಡಿಗಳು ಮುಚ್ಚಿಹೋದವು. ಹೂವಲ್ಲವೇ, ಗಾಳಿ ಸಂದಿಯಲ್ಲಿ ಹೋದೀತು ಎಂದು ನನಗೆ ನಾನೇ ಹೇಳಿಕೊಂಡು ಕೀ ತಿರುಗಿಸಿದೆ.

ಮುಂದಿನ ಸೀಟಿನಲ್ಲಿ ಅಪ್ಪಯ್ಯ, ಹಿಂದೆ ಮದುಮಗ, ದೊಡ್ಡಪ್ಪ, ದೊಡ್ಡಾಯಿ. ಹಿಂದೆ ಬರುವ ಬಸ್ಸಿಗೆ ಕಾಯುತ್ತ ನಿಧಾನಕ್ಕೆ ಹೋಗಬೇಕು. ಶಿರಸಿಯವರೆಗೆ ಮುಳ್ಳು ಹೇಗೋ ತಡೆದುಕೊಂಡಿತು. ಶಿರಸಿ ದಾಟಿದ ಮೇಲೆ ಬಿಸಿಲು ಬಲಿಯಿತು. ಕಾನಸೂರಿನ ಆಚೆ ಒಂದು ಏರು ಬಂತು, ಮುಂದೊಂದು ಕಟ್ಟಿಗೆ ಲಾರಿ. ಎರಡನೇ ಗೇರು, ಮತ್ತೆ ಒಂದನೇ ಗೇರು. ಮುಳ್ಳು ನಡು ದಾಟಿ ಕೆಂಪು ಗೆರೆಯ ಕಡೆ ಹೊರಟಿತು.

ಅಪ್ಪಯ್ಯ ಮುಳ್ಳು ನೋಡಿದರು. ನನ್ನನ್ನು ನೋಡಿದರು. ಕವಳ ಜಗಿಯುವುದನ್ನು ನಿಲ್ಲಿಸಿದರು.

ಹೀಗೇ ಹೋದರೆ ಕಾರು ಕುದಿಯುತ್ತದೆ. ನಿಲ್ಲಿಸಿದರೆ ಹೂವು ತೆಗೆಯಬೇಕು. ದಿಬ್ಬಣದ ಕಾರನ್ನು ನಡುದಾರಿಯಲ್ಲಿ ನಿಲ್ಲಿಸಿ ಹೂವು ಕಿತ್ತ ಹೆಣ್ಣು ಎಂದು ಜನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಯಾಕೆ ತೆಗೆದೆ ಎಂದರೆ ಅವನ ಹೆಸರು ಹೇಳಬೇಕು. ಕಾರು ಹೋದರೆ ತಿಮ್ಮಿಯಂಥವರು ಹೋದರು, ಯಲ್ಲಾಪುರದ ದಾರಿ ಹೋಯಿತು, ಸಾಗರದ ಅಡಿಗೆಮನೆ ಬಂತು. ಮುಳ್ಳು ಕೆಂಪಿನ ಅಂಚು ಮುಟ್ಟಿತು.

ನಾನು ಕಾರನ್ನು ಬದಿಗೆ ತೆಗೆದು ನಿಲ್ಲಿಸಿದೆ. ಫ್ಯಾನ್ ತಿರುಗುತ್ತಿರಲಿ ಎಂದು ಇಂಜಿನ್ ಬಂದ್ ಮಾಡಲಿಲ್ಲ.

"ಎಂತ ಆತು?" ದೊಡ್ಡಾಯಿಯ ಸ್ವರ ಏರಿತು. "ದಿಬ್ಬಣ ನಿಲ್ಸಲಾಗ ಕೂಸೆ."

"ಹೂವು ತೆಗೀತೆ ದೊಡ್ಡಾಯಿ."

"ಮದುಮಗನ ಕಾರಿನ ಹೂವು ಕೀಳ್ತ್ಯ? ಅಪಶಕುನ ಹೇಳಿ ಗೊತ್ತಿಲ್ಯ ನಿಂಗೆ?"

"ನಡು ದಾರಿಲ್ಲಿ ಇಂಜಿನ್ ಸೀಜ್ ಆದ್ರೆ ಅದು ಶಕುನವ?" ನಾನು ಬಾಗಿಲು ತೆಗೆದು ಇಳಿಯುತ್ತ ಹೇಳಿದೆ. "ನಂದನ ಕಿಂಡಿ ಇಟ್ಟ ಜಾಗ ಸರಿ ಇದ್ದು. ಅದು ಚಂದ ಇಲ್ಲೆ ಹೇಳಿ ಮುಚ್ಚಿದ್ದು ನಂಗ ಎಲ್ಲ ಸೇರಿ. ಬೆಳಗ್ಗೆಯೇ ಹೇಳವಾಗಿತ್ತು, ಹೇಳಲೆ ಧೈರ್ಯ ಆಜಿಲ್ಲೆ. ಈಗ ಹೇಳ್ತಾ ಇದ್ದೆ."

ಬಸ್ಸು ಹಿಂದೆ ಬಂದು ನಿಂತಿತು. ಕಿಟಕಿಗಳ ತುಂಬ ತಲೆಗಳು. ಬಸ್ಸಿನ ಬದಿಯಿಂದ ನಂದನ ನೀರಿನ ಕ್ಯಾನ್ ಹಿಡಿದು ಓಡಿ ಬಂದ. ಬಾನೆಟ್ ನೋಡಿದ. ಅವನ ಮುಖ ಸಪ್ಪಗಾದದ್ದನ್ನು ನಾನು ನೋಡಿದೆ. ಚಾದರದ ಆ ತುದಿ ಹಿಡಿದ. ಈ ತುದಿ ನಾನು ಹಿಡಿದೆ. ಎತ್ತಿದೆವು.

ಕಿಂಡಿಗಳಿಂದ ಬಿಸಿ ಭಗ್ಗನೆ ಮುಖಕ್ಕೆ ಹೊಡೆಯಿತು. ಚಾದರದ ಮೇಲಿನ ಹೂವು ಬೆಳಗಿನಷ್ಟೇ ತಾಜಾ ಇತ್ತು, ಎರಡು ಸಾಲು ಬಿಟ್ಟು. ಕಿಂಡಿಗಳ ಮೇಲಿದ್ದ ಆ ಎರಡು ಸಾಲು ಬೆಂದು ಕಂದುಬಣ್ಣಕ್ಕೆ ತಿರುಗಿತ್ತು. ಬೇರೆಲ್ಲೂ ಒಂದು ಎಸಳೂ ಬಾಡಿರಲಿಲ್ಲ.

ಅಪ್ಪಯ್ಯ ಸೊಂಟ ಹಿಡಿದುಕೊಂಡು ಇಳಿದು ಬಂದರು. ಬೆಂದ ಸಾಲು ನೋಡಿದರು. ಕಿಂಡಿಯ ಮೇಲೆ ಅಂಗೈ ಹಿಡಿದು, ತಟ್ಟನೆ ಹಿಂದೆಳೆದುಕೊಂಡರು.

"ಬಿಸಿ ಎಲ್ಲ ಇಲ್ಲೇ ಬತ್ತಾ ಇದ್ದು ಅತ್ತಿಗೆ" ಎಂದರು ದೊಡ್ಡಾಯಿಗೆ. "ಮಾಣಿ ಕೊಯ್ದಿದ್ದು ಸರಿಯಾದ ಜಾಗದಲ್ಲೇಯ."

ನಾನೂ ನಂದನನೂ ಇನ್ನೂ ಚಾದರ ಹಿಡಿದುಕೊಂಡು ಎದುರುಬದುರು ನಿಂತಿದ್ದೆವು. ಎಲ್ಲಿ ಇಡುವುದೆಂದು ಇಬ್ಬರಿಗೂ ತೋಚಿರಲಿಲ್ಲ.

"ನಿಂಗೆ ನಾಚ್ಕೆ ಆತು ಹೇಳಿ ಮುಚ್ಚಿದೆ ಅಂದ್ಕಂಡಿದ್ದೆ" ಎಂದ ಅವನು, ನನಗಷ್ಟೇ ಕೇಳುವಂತೆ.

"ನಾಚ್ಕೆ ಅಲ್ಲ. ನಿನ್ನ ಹೆಸರು ಹೇಳಿದ್ರೆ ಎಲ್ಲ ಗೊತ್ತಾಗ್ತು ಹೇಳಿ ಹೆದ್ರಿಕೆ."

"ಎಂತ ಗೊತ್ತಾಗ್ತು?"

ಅವನಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದ. ಹೂವಿನ ಆಚೆ ಅವನ ಕಣ್ಣು, ಕಿವಿಯ ಹಿಂದೆ ಇವತ್ತೂ ಒಂದಿಷ್ಟು ಪುಟ್ಟಿ.

"ಕಾರು ಸರಿ ಇದ್ರೂ ಯಲ್ಲಾಪುರಕ್ಕೆ ಬರವು ಅನಿಸ್ತು ಎಂಗೆ. ದಿನಾ ಅನಿಸ್ತು. ನೀ ಬೇಕು ಅನಿಸ್ತು."

ಚಾದರದ ಅಡಿಯಲ್ಲಿ ಅವನ ಬೆರಳು ನನ್ನ ಬೆರಳನ್ನು ಹುಡುಕಿ ಹಿಡಿದುಕೊಂಡಿತು. ಈ ಸಲ ಡ್ರಿಲ್ಲಿನ ಹಾಗೆ ಇಟ್ಟು ತೆಗೆದು ಮಾಡಲಿಲ್ಲ.

ಕಾರಿನ ಕಿಟಕಿಯಿಂದ ಪೇಟ ಸುತ್ತಿದ ತಲೆ ಹೊರಗೆ ಬಂತು. "ಹೂವು ಹಿಡ್ಕಂಡು ನಿಂತವೇ, ಮೊದ್ಲು ಎನ್ನ ಮದುವೆ ಆಗ್ಲಿ. ಮುಹೂರ್ತ ಮೀರ್ತಾ ಇದ್ದು."

ಬಸ್ಸಿನಲ್ಲಿ ನಗು ಎದ್ದಿತು. ನಾವು ಬೆರಳು ಬಿಡಿಸಿಕೊಂಡು ಚಾದರವನ್ನು ಕಾರಿನ ತಲೆಯ ಮೇಲೆ ಹೊದಿಸಿದೆವು. ಬೆಂದ ಸಾಲು ಕಾಣದಂತೆ ದೊಡ್ಡಾಯಿಯೇ ಇಳಿದು ಬಂದು ಮಡಚಿದರು, ಸಿಂಗಾರದ ಗೊನೆಯನ್ನು ನೆಟ್ಟಗೆ ಕೂರಿಸಿದರು. "ಇಲ್ಲೂ ಚಂದವೇ ಕಾಣ್ತು" ಎಂದು ಯಾರಿಗೂ ಅಲ್ಲವೆಂಬಂತೆ ಅಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತು.

ಇಂಜಿನ್ ಇನ್ನೂ ತಿರುಗುತ್ತಿತ್ತು. ಕುದಿದಿರಲಿಲ್ಲ. ಮುಳ್ಳು ಕೆಂಪಿನ ಅಂಚು ಬಿಟ್ಟು ಇಷ್ಟಿಷ್ಟೇ ಇಳಿಯುತ್ತಿತ್ತು.

ಏರು ಹತ್ತಿ ಮುಗಿದ ಮೇಲೆ ಅಪ್ಪಯ್ಯ ಹೊಸ ಕವಳ ಕಟ್ಟಿದರು. ಸ್ವಲ್ಪ ಹೊತ್ತು ಜಗಿದು, ರಸ್ತೆ ನೋಡುತ್ತಲೇ ಕೇಳಿದರು.

"ಕಾರು ಕುದ್ದಿದ್ದಿಲ್ಲೆ. ಹಂಗಾರೆ ಆ ಸಾಗರದವ್ಕೆ ಆನು ಎಂತ ಹೇಳ್ಲಿ?"

ಹೆದರಿಕೆ ಎಲ್ಲೂ ಹೋಗಿರಲಿಲ್ಲ. ಅದು ನನ್ನ ಹುಟ್ಟುಗುಣ, ಒಂದು ಏರಿಗೆಲ್ಲ ಹೋಗುವಂಥದ್ದಲ್ಲ.

"ಕೂಸಿಗೆ ಯಲ್ಲಾಪುರದ ಕಡೆ ಮನಸ್ಸಿದ್ದು ಹೇಳಿ ಹೇಳು ಅಪ್ಪಯ್ಯ" ಎಂದೆ.

ಅಪ್ಪಯ್ಯ ಕಿಟಕಿಯ ಹೊರಗೆ ಉಗುಳಿ, ಬಾಯಿ ಒರೆಸಿಕೊಂಡರು.

"ಅಡ್ಡಿಲ್ಲೆ" ಎಂದರು.

ಸಿದ್ದಾಪುರದವರೆಗೂ ಮುಳ್ಳು ನಡುವಿನಲ್ಲೇ ನಿಂತಿತ್ತು ಎಂದು ಆಮೇಲೆ ಅಪ್ಪಯ್ಯನೇ ಎಲ್ಲರಿಗೂ ಹೇಳಿದರು. ನಾನು ನೋಡಿರಲಿಲ್ಲ. ನನ್ನ ಒಂದು ಕಣ್ಣು ರಸ್ತೆಯ ಮೇಲಿತ್ತು, ಇನ್ನೊಂದು ಕನ್ನಡಿಯಲ್ಲಿ, ಬಸ್ಸನ್ನು ಹಿಂದೆ ಹಾಕಿ ನಮ್ಮ ಕಾರಿನ ಬೆನ್ನಿಗೇ ಬರುತ್ತಿದ್ದ ಬೈಕಿನ ಮೇಲಿತ್ತು.